ಇಲಿಬಾಲದ ಎರಡು ಜಡೆ

ತಿಪಟೂರು ಸೀಮೆಯಲ್ಲಿ ಧನುರ್ಮಾಸದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಸೀಸೆಯನ್ನು ತಲೆಕೆಳಗು ಹಿಡಿದರೂ ಒಂದು ತೊಟ್ಟು ಬೀಳುವುದಿಲ್ಲ. 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು, ಒಳಗೆಲ್ಲ ಬೆಳ್ಳಗೆ ಹೆಪ್ಪುಗಟ್ಟಿ ಕೂತುಬಿಡುತ್ತದೆ. ಅಜ್ಜಿ ಎದ್ದ ಕೂಡಲೇ ಸೀಸೆಯನ್ನು ಬಚ್ಚಲೊಲೆಯ ಪಕ್ಕ ಇಡುತ್ತಾಳೆ. ನೀರು ಕಾಯುವಷ್ಟರಲ್ಲಿ ಎಣ್ಣೆಯೂ ಕರಗಿರುತ್ತದೆ. ಮೊಮ್ಮಗಳು ಮೈಗಷ್ಟೇ ನೀರು ಹುಯ್ದುಕೊಂಡು, ಯೂನಿಫಾರಂ ತೊಟ್ಟು ಬರುವ ಹೊತ್ತಿಗೆ ಅವಳು ಜಗಲಿಯ ಮೆಟ್ಟಿಲ ಮೇಲೆ ಕಾಲಗಲಿಸಿ ಕೂತಾಗಿದೆ. ಪಕ್ಕದಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ. ಅದರೊಳಗೆ ಅಗಲ ಹಲ್ಲಿನದೊಂದು ಬಾಚಣಿಗೆ, ಸಣ್ಣ ಹಲ್ಲಿನದೊಂದು, ಮರದ ಸೀರಣಿಗೆ, ಸುರುಳಿ ಸುತ್ತಿಟ್ಟ ಕೆಂಪು ಟೇಪು, ಒಂದಷ್ಟು ಟಿಕ್‌ಟ್ಯಾಕ್ ಪಿನ್ನು, ಜೋಡಿ ಕಳೆದುಕೊಂಡ ಒಂದು ಲವ್ ಇನ್ ಟೋಕಿಯೋ. 1966ರಲ್ಲಿ ಬಂದ ಆಶಾ ಪಾರೇಖ್ ಸಿನಿಮಾದ ಹೆಸರನ್ನು ಈ ಎರಡು ಮಣಿಯ ರಬ್ಬರು ಇನ್ನೂ ಹೊತ್ತುಕೊಂಡಿದೆ. ಸಿನಿಮಾ ನೋಡಿದವರಿಗಿಂತ ಅದನ್ನು ತಲೆಗೆ ಸುತ್ತಿಕೊಂಡವರೇ ಹೆಚ್ಚು.

ಮೊಮ್ಮಗಳು ಎರಡನೇ ಕ್ಲಾಸು. ಶಾಲೆಯ ಡೈರಿಯ ಮೊದಲ ಪುಟದಲ್ಲೇ ನಿಯಮ ಅಚ್ಚಾಗಿದೆ: ಹೆಣ್ಣುಮಕ್ಕಳು ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಮೇಲಕ್ಕೆ ಮಡಚಿ ಕಟ್ಟಿಕೊಂಡು ಬರತಕ್ಕದ್ದು. ವಾರದ ದಿನ ಕೆಂಪು ಟೇಪು, ಶನಿವಾರ ಬಿಳಿಯದು. ಇದನ್ನು ಬರೆದವರ ಕಣ್ಣ ಮುಂದೆ ದಟ್ಟ ಕೂದಲಿನ ಹುಡುಗಿಯೇ ಇದ್ದಿರಬೇಕು. ಹಿಡಿ ತುಂಬ ಕೂದಲಿದ್ದವರ ಜಡೆ ಹೇಳಿದ ಮಾತು ಕೇಳುತ್ತದೆ, ಗಂಟು ಹಾಕಿದಲ್ಲೇ ಟೇಪು ಕೂರುತ್ತದೆ. ಈ ಮಗುವಿನದು ಬೆರಳ ಸಂದಿಯಲ್ಲಿ ಹಿಡಿದರೆ ಹಿಡಿದದ್ದೇ ತಿಳಿಯದಷ್ಟು ನವಿರು. ಪಿನ್ನು ಸಿಕ್ಕಿಸಿ ಕೈಬಿಟ್ಟರೆ ಅದು ನಿಧಾನಕ್ಕೆ ಜಾರಿ ಕಿವಿಯ ಹತ್ತಿರ ಬಂದು ನೇತಾಡುತ್ತದೆ. ಹಣೆಯಂಚಿನ ಎಳೆಗೂದಲು ಯಾವ ಜಡೆಗೂ ನಿಲುಕದೆ ಗಾಳಿ ಬಂದ ಕಡೆ ತಿರುಗುತ್ತದೆ. ಮನುಷ್ಯರ ತಲೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಕೂದಲಿರುತ್ತದೆ ಎಂಬುದು ಲೆಕ್ಕ. ಇವಳಿಗೂ ಎಣಿಕೆಯಲ್ಲಿ ಅಂಥ ಕೊರತೆಯೇನೂ ಇರಲಾರದು. ಎಳೆ ತೆಳು, ಅಷ್ಟೇ. ಮಕ್ಕಳ ಕೂದಲೇ ಹಾಗೆ, ಬೆಳೆಯುತ್ತ ಹೋದಂತೆ ಎಳೆ ಒಂದಿಷ್ಟು ದಪ್ಪವಾಗುತ್ತದೆ. ಅಲ್ಲಿಯವರೆಗೆ ಸೋದರಮಾವ ಬಂದಾಗಲೆಲ್ಲ ಜಡೆಯ ತುದಿ ಎತ್ತಿ ಹಿಡಿದು, "ಇದೇನೇ ಇಲಿಬಾಲ" ಅನ್ನುತ್ತಾನೆ. ಅವಳು ಅವನ ನುಣ್ಣನೆಯ ನೆತ್ತಿಯ ಕಡೆ ಬೆರಳು ತೋರಿಸುತ್ತಾಳೆ. ಅಲ್ಲಿಗೆ ಲೆಕ್ಕ ಚುಕ್ತಾ.

"ಕೂತ್ಕೊಳವ್ವಾ, ಅಲ್ಲಾಡ್ಬ್ಯಾಡ" ಎನ್ನುತ್ತ ಅಜ್ಜಿ ಮಗುವನ್ನು ಒಂದು ಮೆಟ್ಟಿಲು ಕೆಳಗೆ, ತನ್ನ ಎರಡು ಮೊಣಕಾಲ ನಡುವೆ ಕೂರಿಸಿಕೊಳ್ಳುತ್ತಾಳೆ. ಮಗುವಿನ ಕೈಯಲ್ಲಿ ದೋಸೆ ತಟ್ಟೆ. ರಾತ್ರಿ ದಿಂಬಿಗೆ ಉಜ್ಜಿ ಉಜ್ಜಿ ಕತ್ತಿನ ಹಿಂದೆ ಸಿಕ್ಕು ಕಟ್ಟಿರುತ್ತದೆ. ನವಿರು ಕೂದಲಿನ ಸಿಕ್ಕೆಂದರೆ ಸಣ್ಣ ಸಿಕ್ಕಲ್ಲ. ನೆತ್ತಿಯಿಂದ ಬಾಚಣಿಗೆ ಎಳೆದರೆ ಮೇಲಿನ ಸಿಕ್ಕೆಲ್ಲ ಕೆಳಗಿನದಕ್ಕೆ ಸೇರಿಕೊಂಡು ಗಂಟಾಗುತ್ತದೆ, ಮಗು ಕಿರುಚುತ್ತದೆ, ಹಿಡಿಯಷ್ಟು ಕೂದಲು ಬಾಚಣಿಗೆಗೆ ಬರುತ್ತದೆ. ಅಜ್ಜಿ ಅದನ್ನು ತುದಿಯಿಂದ ಬಿಡಿಸುತ್ತಾಳೆ. ಎಡಗೈಯಲ್ಲಿ ಕೂದಲನ್ನು ಗಂಟಿನ ಮೇಲ್ಭಾಗದಲ್ಲೇ ಗಟ್ಟಿಯಾಗಿ ಹಿಡಿದು, ಕೆಳಗಿನ ಎರಡು ಅಂಗುಲ ಬಾಚಿ, ಮತ್ತೆ ಸ್ವಲ್ಪ ಮೇಲೆ, ಮತ್ತೆ ಸ್ವಲ್ಪ ಮೇಲೆ. ಎಳೆತ ಅವಳ ಮುಷ್ಟಿಯಲ್ಲೇ ನಿಂತುಹೋಗುತ್ತದೆ, ಬುಡಕ್ಕೆ ಮುಟ್ಟುವುದಿಲ್ಲ. ತಲೆಗೂದಲು ಒದ್ದೆಯಿದ್ದ ದಿನ ಬಾಚಣಿಗೆ ಮುಟ್ಟುವುದೇ ಇಲ್ಲ. ಒದ್ದೆ ಕೂದಲು ಎಳೆದಷ್ಟೂ ಹಿಗ್ಗಿ ಕೊನೆಗೆ ತುಂಡಾಗುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಮೂರು ಹೆಣ್ಣುಮಕ್ಕಳ ತಲೆ ಬಾಚಿದ ಕೈ ಅದು.

ಸಿಕ್ಕು ಬಿಟ್ಟ ಮೇಲೆ ಬೈತಲೆ. ಬಾಚಣಿಗೆಯ ಮೂಲೆಯ ಹಲ್ಲನ್ನು ಹಣೆಯ ನಡುವೆ ಇಟ್ಟು, ಎರಡು ಹುಬ್ಬಿನ ನಡುವಿನಿಂದ ಗೆರೆ ಎಳೆದಂತೆ, ನೆತ್ತಿ ಹಾದು, ಹಿಂದಿನ ತಗ್ಗು ಇಳಿದು ಕತ್ತಿನ ಗುಳಿಯವರೆಗೆ. ಮುಂದಿನದು ಎಲ್ಲರೂ ತೆಗೆಯುತ್ತಾರೆ, ಹಿಂದಿನದರಲ್ಲೇ ಕೈಯ ಗುಣ ಗೊತ್ತಾಗುವುದು. ಈ ಹೊತ್ತಿಗೆ ಸರಿಯಾಗಿ ಮಗು ಚಟ್ನಿ ಕಡೆಗೆ ಬಗ್ಗುತ್ತದೆ, ಬೈತಲೆ ಕೊಂಕಿಕೊಳ್ಳುತ್ತದೆ. "ನೋಡು, ಹೋಯ್ತು" ಎಂದು ಅಜ್ಜಿ ಮತ್ತೆ ಹಣೆಯಿಂದ ಶುರುಮಾಡುತ್ತಾಳೆ. ದಟ್ಟ ಕೂದಲಲ್ಲಿ ಬೈತಲೆ ಸ್ವಲ್ಪ ಸೊಟ್ಟಗಿದ್ದರೆ ಮುಚ್ಚಿಹೋಗುತ್ತದೆ. ತೆಳುಗೂದಲಿನ ತಲೆಯಲ್ಲಿ ಬಿಳಿಯ ಗೆರೆ ಬೀದಿಯ ಕೊನೆಯವರೆಗೂ ಕಾಣುತ್ತದೆ.

ಎಣ್ಣೆಯ ವಿಷಯದಲ್ಲಿ ಅತ್ತೆ ಸೊಸೆಗೆ ಸಣ್ಣ ತಕರಾರಿದೆ. ಅಂಗೈ ತುಂಬ ಸುರಿದು ಬಡಿದರೆ ಕೂದಲು ಶಿಸ್ತಾಗಿ ಕೂರುತ್ತದೆ ಎಂದು ಸೊಸೆ ನಂಬಿದ್ದಾಳೆ. ಹಾಗೆ ಮಾಡಿದ ದಿನ ನವಿರು ಕೂದಲು ನೆತ್ತಿಗೆ ಅಂಟಿಕೊಂಡು ನಡುನಡುವೆ ಬುರುಡೆ ಕಾಣಿಸುತ್ತದೆ, ಶರಟಿನ ಕಾಲರು ಸಂಜೆಗೆ ಕಪ್ಪಾಗುತ್ತದೆ. ಅಜ್ಜಿ ಮೂರೇ ತೊಟ್ಟು ಅಂಗೈಗೆ ಬಿಟ್ಟುಕೊಂಡು, ಎರಡೂ ಕೈ ತಿಕ್ಕಿ, ಕೂದಲ ಮೇಲೆ ಸವರುತ್ತಾಳೆ. ಕೊನೆಗೆ ಬೆರಳ ತುದಿಯಲ್ಲಿ ಉಳಿದದ್ದು ಹಣೆಯಂಚಿನ ಎಳೆಗೂದಲಿಗೆ. ಅಷ್ಟಕ್ಕೇ ಅದು ಬಗ್ಗುತ್ತದೆ. ಸಂಕ್ರಾಂತಿ ಆಚೀಚಿನ ಒಣಗಾಳಿಯಲ್ಲಿ ಪ್ಲಾಸ್ಟಿಕ್ ಬಾಚಣಿಗೆ ಆಡಿಸಿದರೆ ತೆಳುಗೂದಲೆಲ್ಲ ವಿದ್ಯುತ್ತು ಹಿಡಿದು ಎದ್ದು ನಿಲ್ಲುತ್ತದಲ್ಲ, ಅದಕ್ಕೂ ಈ ಮೂರು ತೊಟ್ಟೇ ಮದ್ದು. ಮರದ ಬಾಚಣಿಗೆಯಾದರೆ ಅಷ್ಟೂ ಬೇಡ.

ಎಣ್ಣೆ ಮನೆಯದೇ. ಈ ಕಡೆಯ ತೋಟದ ಮನೆಗಳಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ, ವರ್ಷದ ಹತ್ತಿರಹತ್ತಿರ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಬಂದಾಗ ಉಂಡೆ ಕೊಬ್ಬರಿ ತಯಾರು. ಚೆನ್ನಾದದ್ದು ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ಉತ್ತರ ಭಾರತದ ಊರುಗಳಿಗೆ. ಸುಲಿಯುವಾಗ ಒಡೆದು ಹೋಳಾದದ್ದು ಗಾಣಕ್ಕೆ ಹೋಗಿ ವರ್ಷದ ಎಣ್ಣೆಯಾಗಿ ಮನೆಗೆ ಬರುತ್ತದೆ. ಆ ಎಣ್ಣೆಗೆ ವಿಜ್ಞಾನದ ಸಾಕ್ಷಿಯೂ ಇದೆ. 2003ರಲ್ಲಿ ಆರತಿ ರೆಲೆ ಮತ್ತು ಆರ್. ಬಿ. ಮೊಹಿಲೆ ಎಂಬ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲಿಗೆ ಹಚ್ಚಿ ಪರೀಕ್ಷಿಸಿದ ವರದಿ ಪ್ರಕಟಿಸಿದರು. ತೊಳೆದು ಬಾಚುವಾಗ ಕೂದಲಿನಿಂದ ಸೋರಿಹೋಗುವ ಪ್ರೋಟೀನನ್ನು ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೆಟ್ಟಗಿನದು, ಹಾಗಾಗಿ ಎಳೆಯ ಒಳಕ್ಕೇ ಇಳಿಯುತ್ತದೆ. ಸಂಶೋಧಕರು ಕೆಲಸ ಮಾಡುತ್ತಿದ್ದದ್ದು ಕೊಬ್ಬರಿ ಎಣ್ಣೆ ಮಾರುವ ಕಂಪನಿಯಲ್ಲಿ ಎಂಬುದನ್ನೂ ಹೇಳಿಬಿಡಬೇಕು. ಅಜ್ಜಿಗೆ ಈ ಎರಡು ಸುದ್ದಿಯೂ ಬೇಕಿಲ್ಲ.

ಇನ್ನು ಹೆಣಿಗೆ. ಬಲಗಡೆಯ ಕೂದಲನ್ನು ರಬ್ಬರಿನಿಂದ ಆಚೆ ಕಟ್ಟಿ, ಎಡಗಡೆಯದನ್ನು ಕೈಗೆತ್ತಿಕೊಳ್ಳುತ್ತಾಳೆ. ಕಿವಿಯ ಮುಂದಿನ ಗಿಡ್ಡ ಕೂದಲು ಜಡೆಗೆ ಸಿಗುವುದಿಲ್ಲ. ಅದಕ್ಕೊಂದು ಉಪಾಯ: ಅಷ್ಟಕ್ಕೇ ಕಿರುಬೆರಳಿನಷ್ಟು ಸಣ್ಣ ಜಡೆ ಹೆಣೆದು, ಕಿವಿಯ ಹಿಂದಕ್ಕೆ ತಂದು, ದೊಡ್ಡದರ ಒಂದು ಕಾಲಿಗೆ ಸೇರಿಸಿಬಿಡುವುದು. ಪಟ್ಟಣದ ಪಾರ್ಲರುಗಳಲ್ಲಿ ನೆತ್ತಿಯಿಂದಲೇ ಕೂದಲು ಕೂಡಿಸುತ್ತ ಹೆಣೆದು ಫ್ರೆಂಚ್ ಪ್ಲಾಟ್ ಅನ್ನುತ್ತಾರೆ. ಅದೂ ಇದೇ ಲೆಕ್ಕಾಚಾರ, ಗಿಡ್ಡದ್ದಕ್ಕೆ ಉದ್ದದ್ದರ ಆಸರೆ. ಮೂರು ಕಾಲು ಮಾಡಿ ಮೊದಲ ನಾಲ್ಕು ಹೆಣಿಗೆಯನ್ನು ಸಡಿಲವಾಗಿಯೇ ಹಾಕುತ್ತಾಳೆ. ಐದನೆಯದಕ್ಕೆ ಟೇಪು ಬರುತ್ತದೆ. ಟೇಪನ್ನು ಸರಿಯರ್ಧಕ್ಕೆ ಮಡಚಿ, ಮಡಿಕೆಯನ್ನು ಜಡೆಯ ಹಿಂದೆ ಇಟ್ಟು, ಒಂದೊಂದು ಎಳೆಯನ್ನು ಒಂದೊಂದು ಕಾಲಿಗೆ ಕೂಡಿಸುತ್ತಾಳೆ. ಅಲ್ಲಿಂದ ಮುಂದೆ ಕೂದಲೂ ಟೇಪೂ ಒಟ್ಟೊಟ್ಟಿಗೆ ಹೆಣೆದುಕೊಳ್ಳುತ್ತ ಹೋಗುತ್ತವೆ. ತೆಳ್ಳನೆಯ ಜಡೆಗೆ ಮೈ ಬರುವುದು ಇಲ್ಲೇ. ತುದಿ ತಲುಪುವಷ್ಟರಲ್ಲಿ ಕೂದಲು ಮುಗಿದಿರುತ್ತದೆ, ಕೆಂಪು ಟೇಪು ಮಾತ್ರ ಮುಂದುವರಿದಿರುತ್ತದೆ. ಟೇಪಿನಿಂದ ಎರಡು ಸುತ್ತು ಸುತ್ತಿ ಗಂಟು ಬಿಗಿದು, ಇಡೀ ಜಡೆಯನ್ನು ಮೇಲಕ್ಕೆ ಮಡಚಿ, ಕಿವಿಯ ಹಿಂದೆ ಶುರುವಾದಲ್ಲಿಗೇ ತಂದು ಹೂವಿನ ಗಂಟು. ಮಾವನ ಕೀಟಲೆಗೆ ಸಿಗುತ್ತಿದ್ದ ಬಾಲ ಈಗ ಒಳಗೆ ಅಡಗಿದೆ.

ಟೇಪು ಯಾವುದು ಎನ್ನುವುದರ ಮೇಲೂ ದಿನದ ಗತಿ ನಿಂತಿದೆ. ಫ್ಯಾನ್ಸಿ ಸ್ಟೋರಿನ ಸ್ಯಾಟಿನ್ ರಿಬ್ಬನ್ನು ನೋಡಲು ಥಳಥಳ. ನವಿರು ಕೂದಲಿನ ಮೇಲೆ ಮಧ್ಯಾಹ್ನದ ಊಟದವರೆಗೂ ನಿಲ್ಲುವುದಿಲ್ಲ, ನುಣುಪಿಗೆ ನುಣುಪು ಸೇರಿದರೆ ಹಿಡಿತ ಎಲ್ಲಿಂದ ಬರಬೇಕು? ಬಳೆ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ, ಸ್ವಲ್ಪ ತರಿತರಿಯಾದ ಅಗಲ ಟೇಪೇ ಸರಿ. ನೈಲಾನಿನದಾದರೆ ತುದಿ ಬಿಚ್ಚಿಕೊಳ್ಳದ ಹಾಗೆ ದೀಪದ ಕುಡಿಗೆ ತಾಗಿಸಿ ಕರಗಿಸಬೇಕು. ನೋಟಿನ ಕಂತೆಗೆ ಹಾಕುವ ಬರೀ ರಬ್ಬರ್ ಬ್ಯಾಂಡನ್ನು ಮಾತ್ರ ಅಜ್ಜಿ ಡಬ್ಬಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಬಿಚ್ಚುವಾಗ ಅದು ಕೂದಲನ್ನೂ ಕಚ್ಚಿಕೊಂಡೇ ಬರುತ್ತದೆ.

"ಅತ್ತೆ, ಇನ್ನೂ ಬಿಗಿಯಾಗಿ ಹಾಕಿ. ನಿನ್ನೆ ಮಿಸ್ಸು ಡೈರೀಲಿ ಬರೆದಿದ್ದಾರೆ" ಎಂದು ಅಡುಗೆಮನೆಯಿಂದ ಸೊಸೆ. ಚಿತ್ರಾನ್ನದ ಒಗ್ಗರಣೆ ಸಿಡಿಯುವ ಸದ್ದಿನಲ್ಲೂ ಅವಳ ದನಿಯ ಆತಂಕ ಕೇಳಿಸುತ್ತದೆ. ಡೈರಿಯಲ್ಲಿ ಇದ್ದದ್ದು ಒಂದೇ ಸಾಲು, ಕೂದಲು ನೀಟಾಗಿ ಬಾಚಿ ಕಳಿಸಿ ಎಂದು. ಆ ಸಾಲು ಓದುವವಳು ತಾಯಿ. ಬೆಳಿಗ್ಗೆ ಐದಕ್ಕೆ ಎದ್ದು ಬಾಚಿಯೇ ಕಳಿಸಿದವಳೂ ಅವಳೇ ಅಥವಾ ಅವಳ ಅತ್ತೆ. ಹನ್ನೊಂದು ಗಂಟೆಯ ಆಟದ ಪೀರಿಯಡ್ಡಿನಲ್ಲಿ ಕುಂಟೆಬಿಲ್ಲೆ ಆಡಿದ ಮೇಲಿನ ತಲೆ ನೋಡಿ ಯಾರೋ ಬೆಳಗಿನ ಕೈಗೆ ಅಂಕ ಕೊಡುತ್ತಾರೆ. ತಂದೆ ಆ ಡೈರಿಗೆ ಸಹಿ ಹಾಕುವುದು ಪರೀಕ್ಷೆಯ ಮಾರ್ಕ್ಸು ಬಂದಾಗ ಮಾತ್ರ.

ಬಿಗಿ ಮಾಡಿದರೆ ನೀಟು ಎಂಬ ನಂಬಿಕೆ ಬಲವಾದದ್ದು, ನನ್ನ ಪ್ರಕಾರ ತಪ್ಪು. ಬುಡದಲ್ಲಿ ಎಳೆದು ಕಟ್ಟಿದರೆ ಮೊದಲ ಅರ್ಧ ಗಂಟೆ ತಲೆ ಕನ್ನಡಿಯಂತೆ ಕಾಣುವುದು ನಿಜ. ಹುಬ್ಬು ಮೇಲಕ್ಕೆ ಹೋಗಿ ಮಗು ಸದಾ ಏನನ್ನೋ ಕಂಡು ಬೆಚ್ಚಿದವಳ ಹಾಗಿರುತ್ತಾಳೆ ಎಂಬುದೂ ನಿಜ. ಆಮೇಲೆ ತಲೆನೋವು. ಹಣೆಯಂಚಿನಲ್ಲಿ ಸಣ್ಣ ಕೆಂಪು ಗುಳ್ಳೆ. ದಿನಾ ಅದೇ ಜಾಗದಲ್ಲಿ ಅದೇ ಎಳೆತ ಬಿದ್ದರೆ ಕೂದಲು ಬುಡದಿಂದಲೇ ಸಡಿಲಗೊಂಡು ಹಣೆ ಹಿಂದಕ್ಕೆ ಸರಿಯುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಲ್ಲಿ ಮತ್ತೆ ಹುಟ್ಟುವುದೂ ಇಲ್ಲ. ಚರ್ಮವೈದ್ಯರು ಇದನ್ನು ಚೆನ್ನಾಗಿ ಬಲ್ಲರು. ತೆಳುಗೂದಲು ಈ ಎಳೆತಕ್ಕೆ ಬೇಗ ಸೋಲುತ್ತದೆ. ಬುಡ ಸಡಿಲ, ಹಿಡಿತವೆಲ್ಲ ಟೇಪಿನದು ಎಂಬ ಅಜ್ಜಿಯ ಲೆಕ್ಕ ಆ ದೃಷ್ಟಿಯಿಂದಲೂ ಒಪ್ಪತಕ್ಕದ್ದೇ. "ಬಿಗುದ್ರೆ ಮಗೀಗೆ ನೋವಾಗಲ್ವೇನೇ? ನಿಮ್ ಮಿಸ್ಸಿಗೇಳು, ಕೂದ್ಲು ಇರೋದೇ ಇಷ್ಟು ಅಂತ" ಎಂದು ಅವಳು ಮೊಮ್ಮಗಳ ಕಿವಿಯಲ್ಲಿ ಹೇಳುತ್ತಾಳೆ. ಮೊಮ್ಮಗಳು ಅದನ್ನು ಅಕ್ಷರಶಃ ಹೇಳಿಯೇಬಿಡುತ್ತಾಳೆ ಎಂಬ ಭಯ ಸೊಸೆಗೆ.

ವ್ಯಾನಿನ ಹಾರನ್ನು. ಎರಡನೆಯ ಜಡೆಯ ಹೂವಿನ ಗಂಟು ಒಂದು ಕಿವಿ ದೊಡ್ಡದು, ಒಂದು ಚಿಕ್ಕದು. ಅಷ್ಟರಲ್ಲಿ ಮಗು ಬ್ಯಾಗು ಹೆಗಲಿಗೇರಿಸಿ ಓಡಿಯಾಗಿದೆ.

ಸಂಜೆ ನಾಲ್ಕೂವರೆಗೆ ಇಳಿಯುವ ತಲೆಯನ್ನು ನೋಡಿದರೆ ಅದು ಬೆಳಗಿನದೇ ಎಂದು ನಂಬುವುದು ಕಷ್ಟ. ಒಂದು ಜಡೆ ಮಡಚಿದ್ದು ಬಿಚ್ಚಿ ಉದ್ದಕ್ಕೆ ಇಳಿಬಿದ್ದಿದೆ, ಇನ್ನೊಂದು ಹೇಗೋ ನಿಂತಿದೆ. ಬೈತಲೆಯ ಎರಡೂ ಬದಿ ಎಳೆಗೂದಲು ಎದ್ದು ಬೆಳಕಿಗೆ ಹೊಳೆಯುತ್ತಿದೆ. ಪಿನ್ನು ಯಾರದೋ ಕಂಪಾಸ್ ಬಾಕ್ಸಿಗೆ ಸೇರಿದೆ, ಬದಲಿಗೆ ಅರ್ಧ ರಬ್ಬರು ಬಂದಿದೆ. ಎಲ್ಲ ಮಕ್ಕಳೂ ಒಂದೇ ಡೆಸ್ಕಿನಲ್ಲಿ ತಲೆಗೆ ತಲೆ ತಾಗಿಸಿ ಚಿತ್ರ ಬಿಡಿಸುತ್ತಾರಲ್ಲ, ಆಗ ಬರುವ ಇನ್ನೊಂದು ಸಾಮಾನು ಮಾತ್ರ ಕಣ್ಣಿಗೆ ಬೀಳಲು ಭಾನುವಾರದವರೆಗೆ ಕಾಯಬೇಕು.

ಭಾನುವಾರ ಅಂಗಳದ ಬಿಸಿಲಲ್ಲಿ ಬಿಳಿಯ ಹಳೇ ಪಂಚೆ ಹಾಸಿ, ಮಗುವಿನ ತಲೆ ಬಗ್ಗಿಸಿ ಸೀರಣಿಗೆ ಆಡುತ್ತದೆ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ. ಒಂದು ತಲೆಯಿಂದ ಇನ್ನೊಂದಕ್ಕೆ ನಡೆದೇ ಬರುತ್ತದೆ. ಬಂದದ್ದು ದಿನಕ್ಕೆ ಏಳೆಂಟು ಸೀರು ಇಟ್ಟು ಬುಡದ ಹತ್ತಿರ ಕೂದಲಿಗೆ ಅಂಟಿಸುತ್ತದೆ. ಸೀರು ಒಡೆಯಲು ವಾರ, ಒಂಬತ್ತು ದಿನ. ಒಂದು ಭಾನುವಾರ ಹೇನೆಲ್ಲ ಕುಕ್ಕಿ ಮುಗಿಸಿದೆವು ಎಂದು ಕೂತರೆ ಮುಂದಿನ ಭಾನುವಾರಕ್ಕೆ ಮರಿ ಎದ್ದಿರುತ್ತವೆ. ಅದಕ್ಕೇ ಅಜ್ಜಿ ಸತತ ಮೂರು ವಾರ ಬಿಡುವುದಿಲ್ಲ. ಅಂದು ಎಣ್ಣೆಗೆ ಕೈಬಿಗಿ ಇಲ್ಲ. ತಲೆ ತೊಯ್ಯುವಷ್ಟು ಹಚ್ಚಿ, ಹೇನಿನ ಓಟ ನಿಧಾನವಾದ ಮೇಲೆ ಬುಡದಿಂದ ತುದಿಗೆ ಎಳೆಯುತ್ತಾಳೆ. ನವಿರು ಕೂದಲಿಗೆ ಪ್ಲಾಸ್ಟಿಕ್ಕಿನದು ಆಗದು, ಹಲ್ಲು ಬಾಗಿ ಸೀರು ನುಸುಳಿಹೋಗುತ್ತದೆ. ಇಸ್ರೇಲಿನ ಲಾಖೀಶ್‌ನಲ್ಲಿ 2016ರಲ್ಲಿ ಸಿಕ್ಕ, ಸುಮಾರು 3,700 ವರ್ಷ ಹಳೆಯ ಆನೆದಂತದ ಪುಟ್ಟ ಬಾಚಣಿಗೆಯೂ ಸೀರಣಿಗೆಯೇ, ಎರಡು ಬದಿಯದು: ಒಂದು ಬದಿ ಸಿಕ್ಕು ಬಿಡಿಸಲು ಆರು ದಪ್ಪ ಹಲ್ಲು, ಇನ್ನೊಂದು ಬದಿ ಹೇನಿಗೆ ಹದಿನಾಲ್ಕು ಸಣ್ಣ ಹಲ್ಲು. ಅದರ ಮೇಲೆ ಕಾನಾನ್ ಜನರ ಲಿಪಿಯಲ್ಲಿ ಕೊರೆದ ಸಾಲನ್ನು ವಿದ್ವಾಂಸರು 2022ರಲ್ಲಿ ಓದಿ ಪ್ರಕಟಿಸಿದಾಗ ಹೊರಬಿದ್ದದ್ದು, ತಲೆ ಗಡ್ಡಗಳ ಹೇನು ತೊಲಗಲಿ ಎಂಬ ಹಾರೈಕೆ. ಅಕ್ಷರಮಾಲೆ ಕಲಿತ ಹೊಸದರಲ್ಲೇ ಮನುಷ್ಯ ಬರೆಯಬೇಕೆಂದುಕೊಂಡ ಸಂಗತಿ ಇದು.

ಹೇನು ನೋಡಿಯಾದ ಮೇಲೆ ಎಣ್ಣೆ ನೀರು. ಬರೀ ಸೀಗೆಪುಡಿ ತಿಕ್ಕಿದರೆ ಈ ಕೂದಲು ಒಣಗಿ ಹುಲ್ಲಾಗುತ್ತದೆಂದು ಅನ್ನದ ಗಂಜಿಯಲ್ಲಿ ಕಲೆಸಿ, ಒಂದು ಚಿಟಿಕೆ ಚಿಗರೆಪುಡಿ ಸೇರಿಸಿ ಹಚ್ಚುತ್ತಾಳೆ. ಕಣ್ಣಿಗೆ ಹೋಗುತ್ತದೆ. ಕೇರಿಗೆಲ್ಲ ಕೇಳಿಸುತ್ತದೆ. ತಾಯಿ ಕದ್ದು ತಂದಿಟ್ಟ ಶಾಂಪೂ ಪೊಟ್ಟಣ ಬಚ್ಚಲ ಕಿಟಕಿಯಲ್ಲೇ ಇದೆ, ಅಜ್ಜಿ ಊರಿಗೆ ಹೋದ ವಾರಕ್ಕೆ.

ಇಷ್ಟೆಲ್ಲ ಪಾಡು ಯಾಕೆ, ಬಾಬ್ ಕಟ್ ಮಾಡಿಸಿಬಿಡಿ ಎಂದು ಎದುರುಮನೆಯವರ ಸಲಹೆ. ತೆಳುಗೂದಲಿಗೆ ಅದು ಒಳ್ಳೆಯ ಉಪಾಯವೇ; ಗಿಡ್ಡ ಕೂದಲಿಗೆ ಭಾರವಿಲ್ಲ, ತುಂಬಿಕೊಂಡು ಕಾಣುತ್ತದೆ, ಬೆಳಿಗ್ಗೆ ಎರಡು ನಿಮಿಷದ ಕೆಲಸ. ಆದರೆ ಬೇಸಿಗೆ ರಜೆಗೆ ಮೊಗ್ಗಿನ ಜಡೆ ಹಾಕಿಸಿ ಸ್ಟುಡಿಯೋದಲ್ಲಿ ಬೆನ್ನ ಹಿಂದೆ ಕನ್ನಡಿ ಇಟ್ಟು ಫೋಟೊ ತೆಗೆಸಬೇಕೆಂಬುದು ಅಜ್ಜಿಯ ಆಸೆ. ಆ ಭಾರಕ್ಕೆ ಚೌರಿ ಸೇರಿಸಲೇಬೇಕಾಗುತ್ತದೆ, ಇರಲಿ. ಅದಕ್ಕಿಂತ ಮೊದಲು ಇನ್ನೊಂದು ಸಲ ಮುಡಿ ಕೊಡಿಸಿದರೆ ಕೂದಲು ದಪ್ಪಗೆ ಬರುತ್ತದೆ ಎಂದೂ ಅವಳ ವಾದ. ಇಲ್ಲಿ ಮಾತ್ರ ನಾನು ಅವಳ ಪಕ್ಷವಲ್ಲ. ಕತ್ತಿ ಆಡುವುದು ಚರ್ಮದ ಮೇಲೆ, ಕೂದಲಿನ ಬುಡ ಇರುವುದು ಒಳಗೆ. ಬುಡಗಳ ಸಂಖ್ಯೆ ಮಗು ಹುಟ್ಟುವ ಮೊದಲೇ ನಿಗದಿಯಾಗಿರುತ್ತದೆ. ಬೋಳಿಸಿದ ಮೇಲೆ ಮೊಂಡು ತುದಿ ಮುಂದಾಗಿ ಬರುವುದರಿಂದ ಕೈಗೆ ಒರಟಾಗಿ ಹತ್ತುತ್ತದೆ, ಅಷ್ಟಕ್ಕೇ ದಪ್ಪವಾಯಿತೆಂದು ಸಮಾಧಾನ. ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವ ಕೂದಲು ಮತ್ತೆ ಜಡೆಯ ಉದ್ದ ಮುಟ್ಟುವಷ್ಟರಲ್ಲಿ ಮಗು ಎರಡು ಕ್ಲಾಸು ದಾಟಿರುತ್ತದೆ.

ಅಜ್ಜಿಯ ಮೊಣಕಾಲು ಎಷ್ಟು ದಿನ ಸಿಗುತ್ತದೆ? ಐದನೇ ಕ್ಲಾಸು ಮುಗಿಸಿ ಪ್ರವೇಶ ಪರೀಕ್ಷೆ ಬರೆದ ಹುಡುಗಿಯರು ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಹೋಗುತ್ತಾರೆ. ಮುಂದಿನ ಬೈತಲೆ ತೆಗೆದುಕೊಳ್ಳಲು ಬರುತ್ತದೆ, ತಮ್ಮ ಹಿಂದಿನದು ಯಾರಿಗೂ ಕಾಣುವುದಿಲ್ಲ. ಅಲ್ಲಿ ಬೆಳಿಗ್ಗೆ ಏಳಕ್ಕೆ ನೋಡಬೇಕು. ವೆರಾಂಡದ ಉದ್ದಕ್ಕೂ ಹುಡುಗಿಯರು ಒಬ್ಬರ ಹಿಂದೊಬ್ಬರು ಕೂತು, ತನ್ನ ಮುಂದಿನವಳ ಜಡೆ ಹೆಣೆಯುತ್ತ, ತನ್ನದನ್ನು ಹಿಂದಿನವಳ ಕೈಗೆ ಕೊಟ್ಟಿರುತ್ತಾರೆ. ಧಾರವಾಡ ಕಡೆಯಿಂದ ಬಂದವಳು ಹೆರಳು ಅನ್ನುತ್ತಾಳೆ, ಹಾಸನದವಳು ಜಡೆ, ಕೈ ಒಂದೇ. ದಟ್ಟ ಕೂದಲಿನವಳ ಹಿಂದೆ ಕೂರಲು ಪೈಪೋಟಿಯಿಲ್ಲ, ಬೆರಳು ನೋಯುತ್ತದೆ. ನವಿರು ಕೂದಲಿನವಳ ಹಿಂದೆ ಕೂರಲೂ ಹೊಸಬರು ಒಲ್ಲರು, ಜಾರುತ್ತದೆ. ಅಂಥವಳನ್ನು ಒಂಬತ್ತನೇ ಕ್ಲಾಸಿನ ಅಕ್ಕನೊಬ್ಬಳು ಎಳೆದು ಮುಂದೆ ಕೂರಿಸಿಕೊಂಡು, ಕೈ ಒದ್ದೆ ಮಾಡಿಕೊಂಡು ಸವರಿ, ಐದನೇ ಹೆಣಿಗೆಗೆ ಟೇಪು ಸೇರಿಸುತ್ತಾಳೆ. ಅವಳಿಗೂ ಎಲ್ಲೋ ಒಬ್ಬ ಅಜ್ಜಿ ಇದ್ದಿರಬೇಕು. ಸಾಲಿನ ತೀರ ಮುಂದಿರುವವಳಿಗೆ ಹೆಣೆಯಲು ಯಾರೂ ಇಲ್ಲ, ತೀರ ಹಿಂದಿರುವವಳಿಗೆ ಹೆಣೆದುಕೊಡುವವರಿಲ್ಲ. ಹಾಗಾಗಿ ಮುಂದಿನವಳು ತನ್ನದು ಮುಗಿದದ್ದೇ ಎದ್ದು ಓಡಿ ಸಾಲಿನ ಬಾಲಕ್ಕೆ ಬಂದು ಕೂರಬೇಕೆಂಬುದು ಅವರವರೇ ಮಾಡಿಕೊಂಡ ಕಾಯಿದೆ. ಕೆಲವರು ತಪ್ಪಿಸಿಕೊಳ್ಳುತ್ತಾರೆ. ಆಗ ವೆರಾಂಡದ ಆ ತುದಿಯಿಂದ ಕೂಗು ಏಳುತ್ತದೆ: "ಏ, ಎಲ್ಲಿಗೋಗ್ತೀಯಾ, ನನ್ ಜಡೆ ಯಾರು ಹಾಕ್ತಾರೆ? ಬಾರೇ, ಪ್ರೇಯರ್ ಬೆಲ್ಲಾಯ್ತು!"